ಗಾಲಿಯ ವಾಕರು ಮತ್ತು ಶರೀರದ ಸಮತೋಲನ

ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಊರಿಗೆ ಹೋದರೂ ಬೆಳಗಿನ ಹೊತ್ತು ಗುಡಿಯ ಕಟ್ಟೆಯ ಮೇಲೆ ವೃದ್ಧರು ಕುಳಿತಿರುವುದನ್ನು ಕಾಣಬಹುದು. ಮನೆಯಿಂದ ಆ ಕಟ್ಟೆಗೆ ಐವತ್ತೇ ಹೆಜ್ಜೆಗಳಿರಬಹುದು. ಆದರೆ ಅಷ್ಟು ದೂರವನ್ನು ತಾವಾಗಿಯೇ ನಡೆದು ಬರುವುದಕ್ಕೂ ಮನೆಯಲ್ಲಿಯೇ ಉಳಿಯುವುದಕ್ಕೂ ಬಹಳ ಅಂತರವುಂಟು. ಮುಪ್ಪಿನಲ್ಲಿ ಮೂಳೆಗಳು ಬಲಗುಂದುತ್ತವೆ. ಒಮ್ಮೆ ಬಿದ್ದು ತೊಡೆಮೂಳೆಯ ಕೊರಳು ಮುರಿದರೆ ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು.

ಇಂತಹವರಿಗೆ ಆಸರೆಯಾಗುವ ಸಾಧನವೇ ಗಾಲಿಗಳುಳ್ಳ ವಾಕರು. ಇದರಲ್ಲಿ ಎರಡು ಬಗೆಗಳುಂಟು. ಮೊದಲನೆಯದಕ್ಕೆ ಮುಂದೆ ಎರಡು ಗಾಲಿಗಳು, ಹಿಂದೆ ರಬ್ಬರಿನ ಪಾದಗಳು. ಎರಡನೆಯದಕ್ಕೆ ನಾಲ್ಕು ಗಾಲಿಗಳು, ಕೈಬ್ರೇಕು ಮತ್ತು ಸಾಮಾನ್ಯವಾಗಿ ಕುಳಿತುಕೊಳ್ಳಲು ಆಸನ. ಈ ಎರಡನೆಯದನ್ನು 1978ರಲ್ಲಿ ರೂಪಿಸಿದವರು ಸ್ವೀಡನ್ನಿನ ಐನಾ ವಿಫಾಲ್ಕ್ ಎಂಬ ಮಹಿಳೆ. ಅವರು ಸ್ವತಃ ಪೋಲಿಯೋ ಪೀಡಿತರಾಗಿದ್ದರು.

ವಾಕರು ಬೀಳದಂತೆ ತಡೆಯುವುದು ಹೇಗೆ? ನಿಂತ ಮನುಷ್ಯನ ಗುರುತ್ವಕೇಂದ್ರವು ಸುಮಾರಾಗಿ ಹೊಕ್ಕುಳಿಗಿಂತ ಸ್ವಲ್ಪ ಕೆಳಗೆ, ಶರೀರದ ಒಳಗೆ ಇರುತ್ತದೆ. ಅಲ್ಲಿಂದ ನೇರವಾಗಿ ಕೆಳಗೆ ಎಳೆದ ರೇಖೆ ಎರಡು ಪಾದಗಳು ಆವರಿಸಿದ ಜಾಗದೊಳಗೆ ಬೀಳುವವರೆಗೆ ಅವನು ಬೀಳುವುದಿಲ್ಲ. ವಾಕರಿನ ನಾಲ್ಕು ಕಾಲುಗಳು ಈ ಜಾಗವನ್ನು ವಿಸ್ತರಿಸುತ್ತವೆ. ಆದರೆ ವಾಕರನ್ನು ಮುಂದಕ್ಕೆ ಓಡಲು ಬಿಟ್ಟು ತಾವು ಹಿಂದೆ ಬಾಗಿ ನಡೆಯುವವರು ಕೈಗಳ ಮೇಲೆ ಹೆಚ್ಚು ಭಾರ ಬಿಡುತ್ತಾರೆ. ಗಾಲಿ ಇನ್ನಷ್ಟು ಜಾರಿದೊಡನೆ ಮುಗ್ಗರಿಸುತ್ತಾರೆ. ಆದುದರಿಂದ ವಾಕರನ್ನು ಅಟ್ಟಿಸಿಕೊಂಡು ಹೋಗದೆ, ಅದರ ಹಿಂಗಾಲುಗಳ ನಡುವೆಯೇ ಹೆಜ್ಜೆಯಿಡತಕ್ಕದ್ದು.

ಎತ್ತರವೂ ಸರಿಯಾಗಿರಬೇಕು. ನಿತ್ಯ ಧರಿಸುವ ಪಾದರಕ್ಷೆಯೊಡನೆ ನೆಟ್ಟಗೆ ನಿಂತು ತೋಳುಗಳನ್ನು ಇಳಿಬಿಟ್ಟಾಗ, ಹಿಡಿಕೆಯು ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಹಿಡಿಕೆ ತಗ್ಗಾದರೆ ಬೆನ್ನು ಬಾಗುತ್ತದೆ. ಎತ್ತರವಾದರೆ ತೋಳಿನ ಬಲ ಭಾರ ಹೊರಲು ಒದಗುವುದಿಲ್ಲ.

ಏಳುವಾಗ ವಾಕರನ್ನು ಹಿಡಿದು ಎಳೆಯಕೂಡದು. ಎಳೆದರೆ ಅದು ಉರುಳಿ ಬರುತ್ತದೆ ಅಥವಾ ಮೈಮೇಲೆ ಮಗುಚುತ್ತದೆ. ಕುರ್ಚಿಯ ತೋಳುಗಳನ್ನು ಒತ್ತಿ ಎದ್ದು, ಅನಂತರ ಹಿಡಿಕೆಯನ್ನು ಹಿಡಿಯಬೇಕು. ವಾಕರಿನ ಆಸನದ ಮೇಲೆ ಕುಳಿತುಕೊಳ್ಳುವ ಮೊದಲು ಎರಡೂ ಬ್ರೇಕುಗಳನ್ನು ಬಿಗಿಮಾಡಬೇಕು. ಕುಳಿತವರನ್ನು ಹಾಗೆಯೇ ತಳ್ಳಿಕೊಂಡು ಹೋಗುವುದು ಅಪಾಯಕರ.

ಇನ್ನು ನಮ್ಮ ಮನೆಗಳ ಹೊಸ್ತಿಲನ್ನು ಪರಿಶೀಲಿಸೋಣ. ಗಾಲಿಯ ತ್ರಿಜ್ಯ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳಿರಿ. ಅಚ್ಚಿನ ಮಟ್ಟದಲ್ಲಿ ಅಡ್ಡಲಾಗಿ ತಳ್ಳಿದರೆ, 2 ಸೆಂಟಿಮೀಟರ್ ಎತ್ತರದ ಹೊಸ್ತಿಲನ್ನು ಹತ್ತಲು ಆ ಗಾಲಿಯ ಮೇಲಿನ ಭಾರದ ಮುಕ್ಕಾಲು ಭಾಗದಷ್ಟು ಬಲ ಸಾಕು. ಹೊಸ್ತಿಲು 4 ಸೆಂಟಿಮೀಟರ್ ಆದರೆ ಭಾರದ ಒಂದೂ ಮೂರನೆಯ ಒಂದು ಪಾಲಿನಷ್ಟು ಬಲ ಬೇಕು. 10 ಸೆಂಟಿಮೀಟರ್, ಅಂದರೆ ಅಚ್ಚಿನ ಮಟ್ಟಕ್ಕೇ ಬಂದರೆ, ಎಷ್ಟು ತಳ್ಳಿದರೂ ಗಾಲಿ ಹತ್ತದು. ಆದರೆ ನಾವು ತಳ್ಳುವುದು ಅಚ್ಚನ್ನಲ್ಲ, ಮೇಲಿನ ಹಿಡಿಕೆಯನ್ನು. ಆದುದರಿಂದ ಬಲವಾಗಿ ತಳ್ಳಿದರೆ ವಾಕರು ಮುಂದಕ್ಕೆ ಮಗುಚುವ ಸಂಭವವೇ ಹೆಚ್ಚು. ಹೊಸ್ತಿಲಿನ ಬಳಿ ನಿಂತು, ಮನೆಯವರ ನೆರವಿನಿಂದ ದಾಟುವುದು ಕ್ಷೇಮ. ಎರಡೂ ಬದಿಗೆ ಹಲಗೆಯ ಇಳಿಜಾರನ್ನು ಭದ್ರವಾಗಿ ಕೂರಿಸುವುದು ಇನ್ನೂ ಮೇಲು.

ಮನೆಯ ಹೊರಗೆ ತೊಂದರೆಗಳು ಬೇರೆ. ರಾಯಬಾಗ, ಕಾಗವಾಡ ಮತ್ತು ಚಿಕ್ಕೋಡಿಗಳ ನದೀತೀರದ ಎರೆಮಣ್ಣು ಮಳೆಗಾಲದಲ್ಲಿ ಗಾಲಿಗೆ ಮೆತ್ತಿಕೊಂಡು ಬ್ರೇಕು ಹಿಡಿಯದಂತೆ ಮಾಡುತ್ತದೆ. ಮನೆಗೆ ಬಂದೊಡನೆ ಅದನ್ನು ತೊಳೆದು ಒರೆಸಬೇಕು. ಇಳಿಜಾರಿನಲ್ಲಿ ಬ್ರೇಕನ್ನು ಹಗುರವಾಗಿ ಹಿಡಿದು, ಸಣ್ಣ ಹೆಜ್ಜೆಗಳಿಂದ ಇಳಿಯಬೇಕು. ಸಂತೆಯ ಚೀಲವನ್ನು ಹಿಡಿಕೆಗೆ ತೂಗುಹಾಕಿದರೆ ಭಾರ ಒಂದು ಕಡೆಗೆ ವಾಲುತ್ತದೆ. ಸೀರೆಯ ನಿರಿಗೆ, ಧೋತರದ ಅಂಚು ಗಾಲಿಗೆ ಸಿಕ್ಕದಂತೆ ಮೇಲಕ್ಕೆ ಕಟ್ಟಿಕೊಳ್ಳಬೇಕು.

ಪಾದರಕ್ಷೆಯ ಮಾತೂ ಮುಖ್ಯವೇ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಅದನ್ನು ತಯಾರಿಸುವ ಪ್ರದೇಶಗಳಲ್ಲಿ ಬೆಳಗಾವಿ ಜಿಲ್ಲೆಯೂ ಒಂದು. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳ ಕೈಯಿಂದ ಬರುವ ಈ ಚಪ್ಪಲಿ ಬಾಳಿಕೆಯುಳ್ಳದ್ದು. ಆದರೆ ಅದಕ್ಕೆ ಹಿಮ್ಮಡಿಯ ಪಟ್ಟಿಯಿಲ್ಲ. ನುಣುಪಾದ ತೊಗಲಿನ ಅಟ್ಟೆಗೆ ಒದ್ದೆಯಾದ ಫರಸಿಯ ಮೇಲೆ ಘರ್ಷಣೆ ಸಾಲದು. ವಾಕರು ಹಿಡಿಯುವವರಿಗೆ ಹಿಮ್ಮಡಿಯನ್ನು ಬಿಗಿಹಿಡಿಯುವ, ರಬ್ಬರಿನ ಅಟ್ಟೆಯ ಪಾದರಕ್ಷೆಯೇ ತಕ್ಕದ್ದು.

ಯಾವ ಬಗೆಯ ವಾಕರು ಯಾರಿಗೆ ಒಪ್ಪುವುದೆಂಬುದನ್ನು ವೈದ್ಯರು ಅಥವಾ ಫಿಸಿಯೋಥೆರಪಿಸ್ಟರು ನಿರ್ಧರಿಸಬೇಕು. ಉಳಿದುದನ್ನು ವಿದ್ಯಾರ್ಥಿಗಳೇ ಮಾಡಬಹುದು. ನಿಮ್ಮ ಮನೆಯಲ್ಲಿ ವಾಕರು ಹಿಡಿದು ನಡೆಯುವ ಅಜ್ಜನೋ ಅಜ್ಜಿಯೋ ಇದ್ದರೆ, ಅಳತೆಪಟ್ಟಿಯೊಂದನ್ನು ತೆಗೆದುಕೊಂಡು ಹಿಡಿಕೆಯ ಎತ್ತರ, ಗಾಲಿಯ ತ್ರಿಜ್ಯ, ಹೊಸ್ತಿಲಿನ ಎತ್ತರ ಇವು ಮೂರನ್ನೂ ಅಳೆದು ಬರೆದಿಡಿರಿ. ಎರಡೂ ಬ್ರೇಕುಗಳನ್ನು ಒತ್ತಿ ನೋಡಿರಿ. ತಪ್ಪು ಕಂಡುಬಂದರೆ ಅದನ್ನು ಇಂದೇ ಸರಿಪಡಿಸಿರಿ.