ಮದರ್‌ಬೋರ್ಡ್ ಬದಲಾದರೆ ವಿಂಡೋಸ್ ಲೈಸೆನ್ಸ್ ಏನಾಗುತ್ತದೆ?

ಪರದೆಯ ಬಲಗಡೆ ಕೆಳಮೂಲೆಯಲ್ಲಿ ಮಸುಕಾಗಿ ಕಾಣುವ ‘ಆಕ್ಟಿವೇಟ್ ವಿಂಡೋಸ್’ ಎಂಬ ಬರಹವನ್ನು ನಮ್ಮಲ್ಲಿ ಹಲವರು ನೋಡಿರುತ್ತೇವೆ. ಫೈಲ್‌ಗಳಿಗೆ ಏನೂ ಆಗುವುದಿಲ್ಲ, ವಾಲ್‌ಪೇಪರ್ ಮತ್ತು ಬಣ್ಣ ಬದಲಾಯಿಸಲು ಮಾತ್ರ ಬಿಡುವುದಿಲ್ಲ. ಆದ್ದರಿಂದ ಹೆಚ್ಚಿನವರು ಅದನ್ನು ಹಾಗೆಯೇ ಬಿಟ್ಟುಬಿಡುತ್ತಾರೆ. ಅಬ್ಬಾರವರ ಸ್ಪೇರ್ ಪಾರ್ಟ್ಸ್ ಅಂಗಡಿಯ ಕಂಪ್ಯೂಟರ್‌ನಲ್ಲಿ ಅದು ಬಂದಾಗ ನಮಗೆ ಹಾಗೆ ಬಿಡಲು ಆಗಲಿಲ್ಲ. ಜಿಎಸ್‌ಟಿ ಬಿಲ್, ಉದ್ದರಿ ಲೆಕ್ಕ ಎಲ್ಲವೂ ಅದರಲ್ಲೇ ಇವೆ. ಕರೆಂಟ್ ಏರಿಳಿತಕ್ಕೆ ಮದರ್‌ಬೋರ್ಡ್ ಸುಟ್ಟು ಹೊಸದು ಹಾಕಿಸಿದ್ದೆವು. ಹಣ ಕೊಟ್ಟು ಕೊಂಡ ವಿಂಡೋಸ್, ಹಾರ್ಡ್ ಡಿಸ್ಕ್ ಕೂಡ ಹಳೆಯದೇ. ಮತ್ತೆ ಲೈಸೆನ್ಸ್ ಇಲ್ಲ ಎಂದರೆ ಹೇಗೆ?

ಕಾರಣ ಇದು. ವಿಂಡೋಸ್ ಆಕ್ಟಿವೇಟ್ ಆಗುವಾಗ ಕಂಪ್ಯೂಟರ್‌ನ ಭಾಗಗಳನ್ನು ನೋಡಿ ಒಂದು ಗುರುತು ತಯಾರಿಸುತ್ತದೆ, ಆ ಗುರುತು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ ದಾಖಲಾಗುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಿಂದ ಈ ಆಕ್ಟಿವೇಶನ್ ಪದ್ಧತಿ ಇದೆ. ರ್‍ಯಾಮ್ ಹೆಚ್ಚಿಸಿದರೆ, ಡಿಸ್ಕ್ ಸೇರಿಸಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಮದರ್‌ಬೋರ್ಡ್ ಬದಲಾದರೆ ಮಾತ್ರ ಸರ್ವರ್‌ನ ಲೆಕ್ಕದಲ್ಲಿ ಅದು ಬೇರೆಯೇ ಕಂಪ್ಯೂಟರ್. ನಮ್ಮ ಪರದೆಯಲ್ಲಿ ಬಂದ ದೋಷಸಂಖ್ಯೆ 0ಎಕ್ಸ್‌ಸಿ004ಎಫ್211. ‘ಹಾರ್ಡ್‌ವೇರ್ ಬದಲಾಗಿದೆ’ ಎಂಬುದೇ ಅದರ ಅರ್ಥ.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮದರ್‌ಬೋರ್ಡ್ ಖರೀದಿ, ಅದು ನಮ್ಮ ಆಸ್ತಿ. ವಿಂಡೋಸ್ ಹಾಗಲ್ಲ, ನಾವು ಕೊಳ್ಳುವುದು ಅದನ್ನು ಬಳಸುವ ಪರವಾನಗಿಯನ್ನು. (ಈ ‘ಪರವಾನಗಿ’ ಫಾರಸಿಯಿಂದ ಬಂದದ್ದು. ನಮ್ಮ ಮನೆಮಾತು ಉರ್ದುವಿನಲ್ಲಿ ‘ಪರ್ವಾನಾ’ ಎಂದರೆ ಅನುಮತಿ ಪತ್ರವೂ ಹೌದು, ದೀಪಕ್ಕೆ ಬೀಳುವ ಪತಂಗವೂ ಹೌದು.) ಪರವಾನಗಿಗೆ ಷರತ್ತುಗಳಿರುತ್ತವೆ, ಎಲ್ಲ ಪರವಾನಗಿಗಳ ಷರತ್ತೂ ಒಂದೇ ಅಲ್ಲ.

ಅಂಗಡಿಯಿಂದ ಪ್ರತ್ಯೇಕವಾಗಿ ಕೊಂಡದ್ದು ರಿಟೇಲ್ ಲೈಸೆನ್ಸ್. ಅದನ್ನು ಬೇರೆ ಕಂಪ್ಯೂಟರ್‌ಗೂ ಸಾಗಿಸಬಹುದು, ಆದರೆ ಒಂದು ಸಲಕ್ಕೆ ಒಂದರಲ್ಲಿ ಮಾತ್ರ. ಲ್ಯಾಪ್‌ಟಾಪ್ ಜೊತೆಗೇ ಬಂದದ್ದು ಒಇಎಂ ಲೈಸೆನ್ಸ್. ಅದು ಆ ಯಂತ್ರಕ್ಕೇ ಅಂಟಿಕೊಂಡಿರುತ್ತದೆ. ವಿಂಡೋಸ್ 8ರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನ ಚಿಪ್‌ನೊಳಗೇ ಬರೆದಿರುತ್ತದೆ, ಅಡಿಯಲ್ಲಿ ಸ್ಟಿಕ್ಕರ್ ಹುಡುಕಿದರೆ ಕೀ ಸಿಗುವುದಿಲ್ಲ. ಹಾಗಾದರೆ ಲ್ಯಾಪ್‌ಟಾಪ್‌ನ ಬೋರ್ಡ್ ಕೆಟ್ಟರೆ ಲೈಸೆನ್ಸ್ ಹೋಯಿತೇ? ಇಲ್ಲ. ಕೆಟ್ಟುಹೋದ ಬೋರ್ಡಿನ ಬದಲು ತಯಾರಕರು ಒಪ್ಪುವ ಅದೇ ಅಥವಾ ಸಮಾನವಾದ ಬೋರ್ಡ್ ಹಾಕಿಸಿದರೆ ಹೊಸ ಲೈಸೆನ್ಸ್ ಕೊಳ್ಳಬೇಕಾಗಿಲ್ಲ. ಚೆನ್ನಾಗಿರುವ ಬೋರ್ಡ್ ತೆಗೆದು ವೇಗ ಹೆಚ್ಚಲೆಂದು ಬೇರೆಯದು ಹಾಕಿಸಿದರೆ ಅದು ಹೊಸ ಕಂಪ್ಯೂಟರ್ ಎಂದೇ ಲೆಕ್ಕ. ಆದ್ದರಿಂದ ರಿಪೇರಿ ಬಿಲ್‌ನಲ್ಲಿ ‘ಬೋರ್ಡ್ ದೋಷ’ ಎಂದು ಬರೆಸಿಕೊಳ್ಳುವುದು ಒಳ್ಳೆಯದು.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಎಸ್, ಎಲ್, ಎಂ, ಜಿ, ಆರ್ ಅಕ್ಷರಗಳನ್ನು ಒತ್ತಿ, ಒಂದು ಜಾಗ ಬಿಟ್ಟು ಸ್ಲ್ಯಾಶ್ ಹಾಕಿ ಡಿ, ಎಲ್, ಐ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬರುವ ಚಿಕ್ಕ ಕಿಟಕಿಯಲ್ಲಿ ರಿಟೇಲ್ ಅಥವಾ ಒಇಎಂ ಎಂಬ ಪದ ಇರುತ್ತದೆ.

ನಮ್ಮದು ರಿಟೇಲ್. ನಮ್ಮನ್ನು ಉಳಿಸಿದ್ದು ಆಪಾ. ಕಂಪ್ಯೂಟರ್ ತಂದ ದಿನವೇ ಅವರು ಅದಕ್ಕೆ ಮೈಕ್ರೋಸಾಫ್ಟ್ ಖಾತೆಯನ್ನು ಜೋಡಿಸಿದ್ದರು. ಹಾಗೆ ಜೋಡಿಸಿದ್ದರೆ ದಾರಿ ಸುಲಭ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್‌ಗೆ ಹೋಗಿ ಟ್ರಬಲ್‌ಶೂಟ್ ಒತ್ತಬೇಕು. ‘ಈ ಸಾಧನದ ಹಾರ್ಡ್‌ವೇರ್ ಇತ್ತೀಚೆಗೆ ಬದಲಾಯಿಸಿದ್ದೇನೆ’ ಎಂಬ ಅರ್ಥದ ಇಂಗ್ಲಿಷ್ ಸಾಲು ಬರುತ್ತದೆ. ಅದನ್ನು ಒತ್ತಿ, ಅದೇ ಖಾತೆಯಿಂದ ಲಾಗಿನ್ ಆದರೆ ಹಳೆಯ ಸಾಧನಗಳ ಪಟ್ಟಿ ಕಾಣುತ್ತದೆ. ನಮ್ಮ ಕಂಪ್ಯೂಟರ್‌ನ ಹೆಸರು ಆರಿಸಿ ಆಕ್ಟಿವೇಟ್ ಒತ್ತಿದರೆ ಮುಗಿಯಿತು. ಇದನ್ನು ಎಷ್ಟು ಸಲ ಬೇಕಾದರೂ ಮಾಡಲಾಗದು, ಮಿತಿ ಇದೆ. ಖಾತೆ ಜೋಡಿಸದೆ ರಿಟೇಲ್ ಕೀ ಮಾತ್ರ ಇದ್ದರೆ, ಅದೇ ಪುಟದಲ್ಲಿ ‘ಚೇಂಜ್ ಪ್ರಾಡಕ್ಟ್ ಕೀ’ ಒತ್ತಿ 25 ಅಕ್ಷರಗಳನ್ನು ಮತ್ತೆ ಹಾಕಿ ನೋಡಬೇಕು.

ಒಂದು ಕಡೆ ಬಹಳ ಜನ ಸಿಕ್ಕಿಬೀಳುತ್ತಾರೆ. ಲೈಸೆನ್ಸ್ ಹೋಮ್ ಆವೃತ್ತಿಗೆ ಇದ್ದು, ರಿಪೇರಿಯವರು ಫಾರ್ಮ್ಯಾಟ್ ಮಾಡಿ ಪ್ರೊ ಹಾಕಿಕೊಟ್ಟಿದ್ದರೆ ಏನು ಮಾಡಿದರೂ ಆಕ್ಟಿವೇಟ್ ಆಗುವುದಿಲ್ಲ. ಹೋಮ್ ಹಾಕಿದ್ದರೆ ಹೋಮ್ ಅನ್ನೇ ಹಾಕಿಕೊಡಿ ಎಂದು ಮೊದಲೇ ಹೇಳಬೇಕು.

ನಮ್ಮ ಬೋರ್ಡ್ ಹಾಕಿದವರು ಬೇರೆ ದಾರಿ ತೋರಿಸಿದ್ದರು. “ಐನೂರು ಕೊಡಿ ಭಾಯ್, ಐದು ನಿಮಿಷದಲ್ಲಿ ಲೈಫ್‌ಟೈಮ್ ಮಾಡಿಕೊಡ್ತೀನಿ. ಆಂಟಿವೈರಸ್ ಒಂದು ಆಫ್ ಮಾಡ್ಬೇಕು ಅಷ್ಟೆ.” ಅಬ್ಬಾ ಹೂಂ ಎನ್ನುವವರಿದ್ದರು. ಆಂಟಿವೈರಸ್ ಯಾಕೆ ಆಫ್ ಮಾಡಬೇಕು ಎಂದು ಆಪಾ ಕೇಳಿದಾಗ ಅವರಲ್ಲಿ ಉತ್ತರ ಇರಲಿಲ್ಲ. ಇಂಥ ಹಲವು ‘ಕ್ರ್ಯಾಕ್’ಗಳು ಕೆಎಂಎಸ್ ಎಂಬ ವ್ಯವಸ್ಥೆಯ ನಕಲು. ಕನಿಷ್ಠ 25 ಕಂಪ್ಯೂಟರ್ ಇರುವ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಕೊಟ್ಟಿರುವ ನಿಜವಾದ ಸೌಲಭ್ಯ ಅದು. ಆ ಆಕ್ಟಿವೇಶನ್ ಕೂಡ 180 ದಿನಕ್ಕೆ ಮಾತ್ರ, ಸಂಸ್ಥೆಯ ಸರ್ವರ್‌ನಿಂದ ಮತ್ತೆ ಮತ್ತೆ ನವೀಕರಣ ಆಗುತ್ತಿರಬೇಕು. ಕ್ರ್ಯಾಕ್ ಸುಳ್ಳು ಸರ್ವರ್ ಒಂದನ್ನು ನಮ್ಮ ಕಂಪ್ಯೂಟರ್‌ನೊಳಗೇ ಕೂರಿಸುತ್ತದೆ. ಅದರ ಜೊತೆ ಇನ್ನೇನು ಬಂದು ಕೂರುತ್ತದೋ ಯಾರು ನೋಡಿದ್ದಾರೆ? ಗಿರಾಕಿಗಳ ಫೋನ್ ನಂಬರ್, ಬ್ಯಾಂಕ್ ಪಾಸ್‌ವರ್ಡ್ ಇರುವ ಯಂತ್ರಕ್ಕೆ ಐನೂರು ರೂಪಾಯಿ ಉಳಿತಾಯ ನನಗಂತೂ ದುಬಾರಿ ಎನಿಸಿತು. ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಗೊತ್ತಿದ್ದೂ ಕೃತಿಸ್ವಾಮ್ಯ ಉಲ್ಲಂಘಿಸಿದ ತಂತ್ರಾಂಶದ ಪ್ರತಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕಾಗಿ ಬಳಸಿಲ್ಲದಿದ್ದರೆ ಮಾತ್ರ ನ್ಯಾಯಾಲಯ ಸೆರೆವಾಸ ಬಿಡಬಹುದು. ಅಂಗಡಿ ಎಂದರೆ ವ್ಯಾಪಾರವೇ.

ಅಂದಹಾಗೆ, ನಾವು ಕಲಿಯುವ ಟ್ಯಾಲಿಯ ಲೈಸೆನ್ಸ್ ಕೂಡ ಯಂತ್ರಕ್ಕೆ ಹೊಂದಿಕೊಂಡದ್ದು. ಬೋರ್ಡ್ ಬದಲಾದರೆ ಅದನ್ನೂ ರಿಆಕ್ಟಿವೇಟ್ ಮಾಡಬೇಕಾಗುತ್ತದೆ.

ಈಗಲೇ ಮಾಡಬಹುದಾದ ಕೆಲಸ ಎರಡು. ಆಕ್ಟಿವೇಶನ್ ಪುಟದಲ್ಲಿ ಡಿಜಿಟಲ್ ಲೈಸೆನ್ಸ್ ‘ಲಿಂಕ್ಡ್ ಟು ಯುವರ್ ಮೈಕ್ರೋಸಾಫ್ಟ್ ಅಕೌಂಟ್’ ಎಂದಿದೆಯೇ ನೋಡಿ, ಇಲ್ಲದಿದ್ದರೆ ಜೋಡಿಸಿ. ಬೋರ್ಡ್ ಹೋದಮೇಲೆ ಜೋಡಿಸಲು ಆಗುವುದಿಲ್ಲ. ಎರಡನೆಯದು ಲ್ಯಾಪ್‌ಟಾಪ್ ಇರುವವರಿಗೆ, ಲೈಸೆನ್ಸ್‌ಗಿಂತ ಮುಖ್ಯವಾದದ್ದು. ವಿಂಡೋಸ್ 11 ಇರುವ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಬಿಟ್‌ಲಾಕರ್‌ನಿಂದ ಬೀಗ ಹಾಕಿಕೊಂಡಿರುತ್ತದೆ, ಅದರ ಬೀಗದ ಕೈ ಹಳೆಯ ಬೋರ್ಡಿನಲ್ಲಿರುತ್ತದೆ. ಹೊಸ ಬೋರ್ಡ್ ಹಾಕಿದೊಡನೆ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದಿದ್ದರೆ ಫೋಟೊ, ಪ್ರಾಜೆಕ್ಟ್ ಯಾವುದೂ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿ ಆ ಕೀ ಸಿಗುತ್ತದೆ. ಲ್ಯಾಪ್‌ಟಾಪ್ ರಿಪೇರಿಗೆ ಕೊಡುವ ಮೊದಲು ಅದನ್ನು ಕಾಗದದ ಮೇಲೆ ಬರೆದಿಡಿ. ಆ ಲ್ಯಾಪ್‌ಟಾಪ್‌ನೊಳಗೇ ಸೇವ್ ಮಾಡಿ ಇಡಬೇಡಿ.