ಬುದ್ಧಿಹಲ್ಲು ಕೀಳಿಸುವ ಮುನ್ನ

ಸಾಮಾನ್ಯವಾಗಿ 17ರಿಂದ 25ರ ವಯಸ್ಸಿನಲ್ಲಿ ಮೂಡುವ ಕಡೆಯ ದವಡೆಹಲ್ಲಿಗೆ ಬುದ್ಧಿಹಲ್ಲೆಂದು ಹೆಸರು. ಸ್ಥಳ ಸಾಲದಾದಾಗ ಅದು ಓರೆಯಾಗಿ ಎಲುಬಿನಲ್ಲೇ ಹುದುಗಿ, ಬಾವು ನೋವುಗಳಿಗೆ ಎಡೆಮಾಡುತ್ತದೆ. ಆಗ ಕೀಳಿಸುವುದು ಅನಿವಾರ್ಯ.

ಕೆಳದವಡೆಯ ಎಲುಬಿನೊಳಗೆ ಕಿರಿದಾದ ಕಾಲುವೆಯೊಂದುಂಟು. ಕೆಳತುಟಿಗೂ ಗಲ್ಲಕ್ಕೂ ಸ್ಪರ್ಶಜ್ಞಾನವನ್ನೀಯುವ ನರವು ಅದರಲ್ಲಿ ಹಾಯ್ದುಹೋಗುತ್ತದೆ. ಕೆಲವರಲ್ಲಿ ಬುದ್ಧಿಹಲ್ಲಿನ ಬೇರು ಈ ಕಾಲುವೆಗೆ ತಾಗಿಯೇ ಇರುತ್ತದೆ. ಕೀಳುವಾಗ ನರವು ಜಜ್ಜಿದರೆ ತುಟಿ ಮರಗಟ್ಟುತ್ತದೆ. ಕುಡಿದ ಕಾಫಿ ತುಟಿಯಂಚಿನಿಂದ ಸೋರಿದರೂ ಅರಿವಾಗದು. ಬಹುಮಂದಿಗೆ ಇದು ಕೆಲವು ವಾರ ಅಥವಾ ತಿಂಗಳುಗಳಲ್ಲಿ ವಾಸಿಯಾಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಬೇರು ನರಕ್ಕೆ ತಾಗಿದ್ದರೆ ಮಾತ್ರ ಸಂಭವ ಹೆಚ್ಚು.

ಇದನ್ನು ಮೊದಲೇ ತಿಳಿಯಲು ಚಿತ್ರ ಬೇಕು. ಕ್ಷ-ಕಿರಣದ ವಾರ್ತೆ ಹಬ್ಬಿದ 1896ರಲ್ಲೇ ಜರ್ಮನಿಯ ಓಟೋ ವಾಲ್ಖಾಫ್ ಎಂಬ ದಂತವೈದ್ಯ 25 ನಿಮಿಷ ಕಿರಣಕ್ಕೊಡ್ಡಿಕೊಂಡು ತನ್ನ ಹಲ್ಲುಗಳ ಚಿತ್ರ ತೆಗೆಸಿದನು. ಇಂದು ಕಲೂರಿನಲ್ಲಾಗಲಿ ತಿರುವನಂತಪುರದಲ್ಲಾಗಲಿ ವೈದ್ಯರು ಮೊದಲು ಬರೆದುಕೊಡುವುದು ಒ.ಪಿ.ಜಿ. ಎಂಬ ಇಡೀ ದವಡೆಯ ಚಿತ್ರ. ಅದಕ್ಕೆ ಅರ್ಧ ನಿಮಿಷವೂ ಬೇಡ. ಆದರೆ ಅದು ನೆರಳಿನ ಚಿತ್ರ. ಬೇರು ಮತ್ತು ಕಾಲುವೆ ಒಂದರ ಮೇಲೊಂದು ಬಿದ್ದಂತೆ ಕಂಡಮಾತ್ರಕ್ಕೆ ಅವು ಮುಟ್ಟಿವೆಯೆಂದು ಹೇಳಲಾಗದು. ರೂಡ್ ಮತ್ತು ಶೆಹಾಬ್ 1990ರಲ್ಲಿ ಪ್ರಕಟಿಸಿದ ಲೇಖನದಂತೆ, ಕಾಲುವೆಯ ಬಿಳಿಗೆರೆ ತುಂಡಾಗಿರುವುದು, ಕಾಲುವೆ ದಿಕ್ಕು ಬದಲಿಸಿರುವುದು, ಬೇರು ಅಲ್ಲಿ ಕಪ್ಪಾಗಿ ಕಾಣುವುದು, ಇವು ಎಚ್ಚರಿಕೆಯ ಚಿಹ್ನೆಗಳು.

ಇಂಥ ಚಿಹ್ನೆಯಿದ್ದರೆ ಕೋನ್ ಬೀಮ್ ಸಿ.ಟಿ. ಉಪಯುಕ್ತ. ನರವು ಬೇರಿನ ಯಾವ ಮಗ್ಗುಲಲ್ಲಿದೆಯೆಂದು ಅದು ತೋರುತ್ತದೆ. ಚಿಹ್ನೆಯಿಲ್ಲದವರೂ ಅದನ್ನು ಕೇಳಿ ಮಾಡಿಸುವುದು ದುಂದುಗಾರಿಕೆಯೆಂದೇ ನನ್ನ ಅಭಿಪ್ರಾಯ; ಕಿರಣದ ಪ್ರಮಾಣವೂ ಹೆಚ್ಚು. ಚಿತ್ರವು ತಾನಾಗಿ ನರವನ್ನು ಕಾಯುವುದಿಲ್ಲ, ಶಸ್ತ್ರವೈದ್ಯರ ಕ್ರಮವನ್ನು ಬದಲಿಸಬಲ್ಲುದಷ್ಟೆ. ಉದಾಹರಣೆಗೆ, ಹಲ್ಲಿನ ಮೇಲ್ಭಾಗವನ್ನು ಮಾತ್ರ ಕತ್ತರಿಸಿ ತೆಗೆದು ಬೇರನ್ನು ಅಲ್ಲಿಯೇ ಬಿಡುವ ಕರೋನೆಕ್ಟಮಿ. ನಾಲಗೆಯ ನರವಾದರೋ ಎಲುಬಿನ ಹೊರಗೆ, ಒಸಡಿನ ಮಗ್ಗುಲಲ್ಲಿ ಸಾಗುವುದರಿಂದ ಈ ಎರಡು ಚಿತ್ರಗಳಲ್ಲಿಯೂ ಕಾಣದು.

ಕೀಳಿಸಿದ ದಿನ ಚುಚ್ಚುಮದ್ದಿನ ಮರವು ಕೆಲವು ತಾಸುಗಳಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಬಿಸಿ ಪಾನೀಯ ಬೇಡ. ಮರುದಿನ ಬೆಳಗ್ಗೆಯೂ ತುಟಿ ಅಥವಾ ನಾಲಗೆ ಮರಗಟ್ಟಿದ್ದರೆ ಹೊಲಿಗೆ ಬಿಚ್ಚಿಸುವ ದಿನದವರೆಗೆ ಕಾಯದೆ ಕೂಡಲೇ ವೈದ್ಯರಿಗೆ ತಿಳಿಸತಕ್ಕದ್ದು. ನಮ್ಮಲ್ಲಿ ಹಿರಿಯರು ಇದನ್ನು ‘ಜೋಮು’ ಎಂದು ಹೇಳಿ, ಇಲ್ಲಿನ ವೈದ್ಯರಿಗೆ ಅರ್ಥವಾಗದೆ ಸುಮ್ಮನಾಗುವುದುಂಟು. ಮಲಯಾಳದಲ್ಲಿ ಅದಕ್ಕೆ ‘ಮರವಿಪ್ಪ್’ ಎನ್ನುತ್ತಾರೆ.