ನಾದವನ್ನು ತಿದ್ದುವ ವಿದ್ಯೆ

ನಾದವು ಹುಟ್ಟಿದ ಕ್ಷಣದಲ್ಲಿಯೇ ಅಳಿದುಹೋಗುವಂಥದು. ಅದನ್ನು ಹಿಡಿದಿಡಬೇಕೆಂಬ ಮನುಷ್ಯನ ಬಯಕೆ ಕೈಗೂಡಿದುದು ಈಚಿನ ಕಾಲದಲ್ಲಿ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಗ್ರಾಮಫೋನ್ ತಟ್ಟೆಗೆ ಇಳಿಸಿದಾಗ, ಸುಮಾರು ಮೂರು ನಿಮಿಷಗಳಲ್ಲಿ ಹಾಡು ಮುಗಿಯಬೇಕಾಗಿದ್ದಿತು. ತಪ್ಪಿದರೆ ಮೊದಲಿನಿಂದ ಹಾಡಬೇಕಾಗಿದ್ದಿತು. ಕನ್ನಡ ಚಿತ್ರಗೀತೆಗಳ ಮುದ್ರಣಕ್ಕೆ ಬಹುಕಾಲ ಮದರಾಸನ್ನೇ ಅವಲಂಬಿಸಬೇಕಾಗಿದ್ದಿತು. ನಟ ಶಂಕರ್‌ನಾಗ್ ಅವರು ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿ ಆ ಕೊರತೆಯನ್ನು ತುಂಬಲು ಯತ್ನಿಸಿದರು. ಇಂದು ಹಲಸೂರು, ಇಂದಿರಾನಗರಗಳ ಮನೆಯೊಂದರ ಕೋಣೆಯಲ್ಲಿಯೇ ವಿದ್ಯಾರ್ಥಿಯೊಬ್ಬನು ಗಣಕದ ಮುಂದೆ ಕುಳಿತು ಈ ಕಾರ್ಯವನ್ನು ನೆರವೇರಿಸಬಲ್ಲನು. ಇದಕ್ಕೆ ನೆರವಾಗುವ ತಂತ್ರಾಂಶವೇ ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್.

ಗಣಕಕ್ಕೆ ನಾದ ತಿಳಿಯದು. ಸಂಖ್ಯೆ ಮಾತ್ರ ತಿಳಿಯುತ್ತದೆ. ಆದುದರಿಂದ ಮೈಕು ಹಿಡಿದ ಧ್ವನಿಯ ಏರಿಳಿತವನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು, ಅಂಕಿಗಳಾಗಿ ಬರೆದಿಡಲಾಗುತ್ತದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಅಂತಹ ಕಂಪನವನ್ನು ಹಿಡಿಯಲು ಅದರ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯುವುದು ಅವಶ್ಯಕ. ಸಾಮಾನ್ಯ ಡಿಜಿಟಲ್ ದೂರವಾಣಿಯಲ್ಲಿ ಅಳತೆ ಸೆಕೆಂಡಿಗೆ 8,000 ಸಲ ಮಾತ್ರ. ಅದರಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ. ತಂಬೂರಿಯ ಝೇಂಕಾರವು ಸೊರಗುತ್ತದೆ.

ಮುದ್ರಿಸುವುದು, ಕತ್ತರಿಸುವುದು, ಜೋಡಿಸುವುದು ಈ ವಿದ್ಯೆಯ ಮೊದಲ ಮೆಟ್ಟಿಲು. ಎರಡನೆಯ ಮೆಟ್ಟಿಲಿನಲ್ಲಿ ವಿವೇಚನೆ ಬೇಕಾಗುತ್ತದೆ. 2011ರಲ್ಲಿ ಮೆಟ್ರೋ ರೈಲು ಸಂಚಾರ ಆರಂಭವಾದ ಹಲಸೂರಿನ ಹಾದಿಯ ಬಳಿ ಗಾಯನವನ್ನು ಮುದ್ರಿಸಿದರೆ, ಅದರೊಡನೆ ರೈಲಿನ ಗುಡುಗುಡು ಸದ್ದೂ ಸೇರಬಹುದು. ಸುಮಾರು 80 ಕಂಪನಗಳಿಗಿಂತ ಕೆಳಗಿನ ಧ್ವನಿಯನ್ನು ಸೋಸಿಬಿಟ್ಟರೆ ಸದ್ದು ತಗ್ಗುತ್ತದೆ, ಗಾಯನಕ್ಕೆ ಹಾನಿಯಾಗದು. ಅದೇ ಸೋಸುವಿಕೆಯನ್ನು ಮೃದಂಗಕ್ಕೂ ಅನ್ವಯಿಸಿದರೆ ಅದರ ಎಡಮುಖದ ಗುಂಕಾರವೇ ಬಡವಾಗಬಹುದು. ಒಂದಕ್ಕೆ ಔಷಧವಾದುದು ಇನ್ನೊಂದಕ್ಕೆ ಅಪಥ್ಯ. ಆದುದರಿಂದಲೇ ಪ್ರತಿಯೊಂದು ವಾದ್ಯವನ್ನೂ ಬೇರೆ ಬೇರೆ ಟ್ರ್ಯಾಕುಗಳಲ್ಲಿ ಮುದ್ರಿಸಿ, ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಲೇಸು.

ಇದಕ್ಕಿಂತಲೂ ಸೂಕ್ಷ್ಮವಾದುದು ಶ್ರುತಿಯನ್ನು ತಿದ್ದುವ ಕೆಲಸ. ಭೂಗರ್ಭದ ತೈಲವನ್ನು ಅರಸಲು ಕಂಪನಗಳ ಅಧ್ಯಯನ ನಡೆಸಿದ್ದ ಅಮೆರಿಕದ ಆಂಡಿ ಹಿಲ್ಡೆಬ್ರಾಂಡ್ ಎಂಬವರು ರೂಪಿಸಿದ ‘ಆಟೋ ಟ್ಯೂನ್’ ಎಂಬ ಸಾಧನವು 1997ರಲ್ಲಿ ಬಳಕೆಗೆ ಬಂದಿತು. ಜಾರಿದ ಸ್ವರವನ್ನು ಅದು ಸಮೀಪದ ಸ್ವರಸ್ಥಾನಕ್ಕೆ ಎಳೆದು ನಿಲ್ಲಿಸುತ್ತದೆ. ಆದರೆ ಕರ್ನಾಟಕ ಸಂಗೀತದಲ್ಲಿ ಸ್ವರವು ಎಲ್ಲೆಡೆಯೂ ನಿಶ್ಚಲವಾಗಿ ನಿಲ್ಲುವುದಿಲ್ಲ. ತೋಡಿ ರಾಗದ ಗಾಂಧಾರವು ಕಂಪಿಸಿದರೆ ಮಾತ್ರ ತೋಡಿಯ ಗಾಂಧಾರ. ಯಂತ್ರವು ಆ ಗಮಕವನ್ನು ದೋಷವೆಂದೇ ಬಗೆದು ನೇರಗೊಳಿಸಿದರೆ, ಸ್ವರವು ಉಳಿದರೂ ರಾಗವು ಉಳಿಯುವುದಿಲ್ಲ. ಜಾಣ ವಿದ್ಯಾರ್ಥಿಯು ಅಂತಹ ಎಡೆಗಳಲ್ಲಿ ಸಾಧನವನ್ನು ದೂರವಿಡುತ್ತಾನೆ. ನಿಜವಾಗಿಯೂ ಅಪಸ್ವರವಿದ್ದಲ್ಲಿ ಆ ಸಾಲನ್ನು ಮತ್ತೊಮ್ಮೆ ಹಾಡುವಂತೆ ಗಾಯಕರನ್ನು ವಿನಯದಿಂದ ಕೇಳಿಕೊಳ್ಳುತ್ತಾನೆ.

ತಿದ್ದುವ ಶಕ್ತಿಯನ್ನು ಯಂತ್ರವು ಕ್ಷಣಮಾತ್ರದಲ್ಲಿ ಕೊಡುತ್ತದೆ. ಯಾವುದು ದೋಷ, ಯಾವುದು ಗುಣ ಎಂಬ ಅರಿವನ್ನು ಅದು ಕೊಡಲಾರದು. ಆ ಅರಿವು ಬರುವುದು ಗುರುಮುಖದಿಂದ, ಬಗೆಬಗೆಯ ಹಾಡುಗಳನ್ನು ಮನವಿಟ್ಟು ಆಲಿಸುವ ಅಭ್ಯಾಸದಿಂದ. ಗಣಕದ ಮುಂದೆ ಕುಳಿತವನಿಗೂ ಕೇಳ್ಮೆಯೇ ಮೊದಲ ಪಾಠ.